ಗಿರಿಯ ಮುಡಿ ಕೊಟ್ಟ ಬೇಸಿಗೆ

ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆಂದು ಆರ್.ಟಿ. ನಗರದಿಂದ ಯಲಹಂಕದ ಹತ್ತಿರದ, ನಾನು ಹುಟ್ಟಿ ಬೆಳೆದ ಸಿಂಗಾಪುರಕ್ಕೆ ಹೋಗಿದ್ದೆ. ಆ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಜೆಸಿಬಿ ಲಂಟಾನದ ಪೊದೆಗಳನ್ನು ಕಿತ್ತು ಗುಡ್ಡೆ ಹಾಕುತ್ತಿತ್ತು. ಜಜ್ಜಿದ ಲಂಟಾನದ ಎಲೆಗೆ ಒಂದು ಘಾಟು ವಾಸನೆ ಇರುತ್ತದೆ. ಅದರ ಜೊತೆ ಯಂತ್ರದ ಹೊಗೆಯೂ ಸೇರಿ ಮೂಗಿಗೆ ಬಡಿಯಿತು. ಉಳಿದವರೆಲ್ಲ ಸೆರಗು, ಕರವಸ್ತ್ರ ಅಡ್ಡ ಹಿಡಿದುಕೊಂಡು ಒಳಗೆ ಹೋದರು. ನಾನು ಮಾತ್ರ ಗೇಟಿನ ಹತ್ತಿರ ನಿಂತೇ ಇದ್ದೆ. "ಅಜ್ಜಿ, ಊಟಕ್ಕೆ ಕರೀತಿದಾರೆ, ಬನ್ನಿ" ಎಂದು ಮೊಮ್ಮಗಳು ಎರಡು ಸಲ ಬಂದು ಕರೆದಳಂತೆ. ನನಗೆ ಕೇಳಿಸಿದ್ದರೆ ತಾನೆ. ನಾನು ಆಗ ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಿ, ನಮ್ಮ ಮಾವನ ವ್ಯಾನಿನೊಳಗೆ, ಅಮ್ಮನ ಪಕ್ಕ ಕೂತಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಸಿಂಗಾಪುರ ಆಗ ಒಂದು ಕೆರೆ, ಒಂದಷ್ಟು ಹೆಂಚಿನ ಮನೆ, ಸುತ್ತ ರಾಗಿ ಹೊಲ, ಅಲ್ಲಲ್ಲಿ ದ್ರಾಕ್ಷಿ ಚಪ್ಪರ ಇದ್ದ ಊರು. ಬೆಂಗಳೂರಿಗೆ ಹೋಗುವುದನ್ನು ನಾವು 'ಪ್ಯಾಟೆಗೆ ಹೋಗೋದು' ಎನ್ನುತ್ತಿದ್ದೆವು. ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನಾನು, ನನ್ನ ತಮ್ಮ ಗಿರಿ. ಗಿರಿಗೆ ಆಗ ಐದು ತುಂಬುತ್ತಾ ಬಂದಿತ್ತು. ಸೊಂಟದವರೆಗೆ ಕೂದಲು. ಅಮ್ಮ ದಿನವೂ ಎಣ್ಣೆ ಹಚ್ಚಿ ಬಾಚಿ ಜಡೆ ಹಾಕುತ್ತಿದ್ದಳು. ಊರಿನ ಹುಡುಗರು ಅವನನ್ನು ಗಿರಿಜಮ್ಮ ಎಂದೇ ಕರೆಯುತ್ತಿದ್ದರು. ಅವನೂ ಅದಕ್ಕೆ ಓಗೊಡುತ್ತಿದ್ದ. ಹಬ್ಬದ ದಿನ ತಲೆಗೆ ಹೂವು ಮುಡಿಸದಿದ್ದರೆ ರಂಪ ಮಾಡುತ್ತಿದ್ದ. ಜಂಭ ಅವನಿಗೆ ಹುಟ್ಟಿನಿಂದಲೇ ಬಂದಿತ್ತು.

ಅವನು ಹುಟ್ಟಿದಾಗ ಬದುಕುತ್ತಾನೋ ಇಲ್ಲವೋ ಎನ್ನುವಂತಿದ್ದನಂತೆ. ಅಜ್ಜಿ ಬಿಳಿಗಿರಿರಂಗನಿಗೆ ಹರಕೆ ಹೊತ್ತು, ಮೊದಲ ಮುಡಿ ಬೆಟ್ಟದಲ್ಲೇ ಕೊಡುತ್ತೇವೆ ಎಂದು ಮುಡಿಪು ಕಟ್ಟಿದ್ದಳು. ಅಲ್ಲಿಯವರೆಗೆ ಕತ್ತರಿ ತಾಗಿಸುವಂತಿಲ್ಲ. ಮುಡಿ ತೆಗೆಯುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು, ಮೊದಲ ಕೂದಲನ್ನು ಅವನೇ ಕತ್ತರಿಸಬೇಕು. ಇದು ನಮ್ಮಲ್ಲಿ ತಪ್ಪಿಸುವಂಥದ್ದಲ್ಲ. ಒಂದನೆಯ ವರ್ಷ ಗಿರಿಗೆ ಮೈಲಿ ಬಂದು ತಪ್ಪಿಹೋಯಿತು. ಮೂರನೆಯ ವರ್ಷ ತಪ್ಪಿದ್ದಕ್ಕೆ ಕಾರಣ ಬೇರೆ. ಅಪ್ಪ ಮತ್ತು ಸೋದರಮಾವ ಮಾತು ಬಿಟ್ಟಿದ್ದರು.

ಮಾವ ಎಂದರೆ ಅಮ್ಮನ ಅಣ್ಣ, ಅಮೃತಹಳ್ಳಿಯವರು. ತರಕಾರಿ ಬೆಳೆದು, ಸುತ್ತಲಿನವರದ್ದನ್ನೂ ಕೊಂಡು ಪೇಟೆಗೆ ಸಾಗಿಸುತ್ತಿದ್ದರು. ಅವರು ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ನಾವೆಲ್ಲ ಹೋಗಿದ್ದೆವು. ಮೊದಲ ಪಂಕ್ತಿಯಲ್ಲಿ ಪಟೇಲರು, ಯಲಹಂಕದ ಮಂಡಿಯವರು ಕೂತುಬಿಟ್ಟರು. ಮನೆಯ ಅಳಿಯನಾದ ಅಪ್ಪನಿಗೆ ಎಲೆ ಇರಲಿಲ್ಲ. ಬಡಿಸುತ್ತಿದ್ದ ಯಾರೋ "ನೀವು ಎರಡ್ನೇ ಪಂಕ್ತೀಲಿ ಕೂತ್ಕೊಳಿ" ಎಂದರು. ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಒಂದು ಸಲ ಕೊಡವಿ ಮತ್ತೆ ಹಾಕಿಕೊಂಡರು. ಒಳಗಿದ್ದ ಅಮ್ಮನನ್ನೂ ನಮ್ಮನ್ನೂ ಕರೆದು ಉಣ್ಣದೇ ಹೊರಟುಬಿಟ್ಟರು. ಮಾವ ಹಿಂದೆ ಓಡಿ ಬಂದು ಕರೆಯಲಿಲ್ಲ. ಎಲೆ ಹಾಕದ್ದಕ್ಕಿಂತ ಇದು ದೊಡ್ಡ ತಪ್ಪಾಯಿತು. ನನಗೆ ಮಾತ್ರ ಆ ದಿನದ್ದು ಏನು ನೆನಪಿದೆ ಎಂದರೆ, ಒಬ್ಬಟ್ಟಿನ ಹೂರಣದ ವಾಸನೆ ಬೀದಿಯ ಕೊನೆಯವರೆಗೂ ನಮ್ಮ ಹಿಂದೆ ಬಂತು.

ಅದಾದ ಮೇಲೆ ಗಂಡಸರಿಬ್ಬರೂ ಆರಾಮಾಗಿ ಇದ್ದರು. ಸಂತೆಯಲ್ಲಿ ಎದುರಾದರೆ ಇಬ್ಬರೂ ಎತ್ತುಗಳನ್ನು ನೋಡುತ್ತಾ ದಾಟಿಹೋಗುತ್ತಿದ್ದರು. ಸಂಕಟ ಅಮ್ಮನದು. ಅವಳ ಅಪ್ಪ ಅಮ್ಮ ತೀರಿಹೋಗಿದ್ದರು. ತವರು ಎಂದು ಉಳಿದಿದ್ದು ಈ ಅಣ್ಣನೊಬ್ಬನೇ. ಗೌರಿ ಹಬ್ಬ ಬಂದರೆ ಊರಿನ ಸೊಸೆಯರಿಗೆಲ್ಲ ತವರಿನ ಬಾಗಿನ ಬರುತ್ತಿತ್ತು. ಅಮ್ಮ ಆ ದಿನ ಏನಾದರೂ ನೆಪ ಮಾಡಿ ಹೊಲಕ್ಕೆ ಹೋಗಿಬಿಡುತ್ತಿದ್ದಳು. ಆ ಬೇಸಿಗೆ ಗಿರಿಯ ಜಡೆ ಹೆಣೆಯುತ್ತಾ ಅವಳು ನನಗೆ ಹೇಳಿದ್ದು ಚೆನ್ನಾಗಿ ನೆನಪಿದೆ. "ಇವ್ನ್ ಮುಡಿಗೆ ಅಣ್ಣ ಬಂದೇ ಬರ್ಬೇಕು. ಅಲ್ಲೂ ಇಬ್ರೂ ಮಾತಾಡ್ಲಿಲ್ಲ ಅಂದ್ರೆ ಇನ್ನು ನಿನ್ ಮದ್ವೆಗೇ. ಅಷ್ಟೊತ್ಗೆ ನಂಗೆ ತವರಿನ ದಾರೀನೇ ಮರ್ತೋಗಿರುತ್ತೆ." ಹತ್ತು ವರ್ಷದವಳಿಗೆ ಹೇಳುವ ಮಾತಲ್ಲ ಅದು. ಹೇಳಿಕೊಳ್ಳಲು ಅವಳಿಗೆ ಬೇರೆ ಯಾರಿದ್ದರು.

ಕೊನೆಗೆ ಅಜ್ಜಿಯೇ ಒಂದು ದಿನ ಕೋಲು ಹಿಡಿದು ನಡೆದುಕೊಂಡು ಅಮೃತಹಳ್ಳಿಗೆ ಹೋದಳು. ಬೆಟ್ಟಕ್ಕೆ ಮಾವನೂ ಬೇಕಿತ್ತು, ಮಾವನ ವ್ಯಾನೂ ಬೇಕಿತ್ತು. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ವ್ಯಾನದು. ಮುಂದೆ ಡ್ರೈವರ್ ಪಕ್ಕ ಒಂದು ಸೀಟು, ಹಿಂದೆ ಎದುರುಬದುರು ಎರಡು ಹಲಗೆ, ಮೇಲೆ ಟಾರ್ಪಾಲು. ಕೋಸು, ಮೂಲಂಗಿ ಹೊತ್ತೂ ಹೊತ್ತೂ ಅದರ ಮೈಗೆಲ್ಲ ತರಕಾರಿ ವಾಸನೆ ಹತ್ತಿತ್ತು. ಅಜ್ಜಿ ಸಂಜೆ ವಾಪಸು ಬಂದು ಜಗಲಿಯ ಮೇಲೆ ಕೂತು, "ಬತ್ತಾನಂತೆ. ಮಾತಾಡಾಕಿಲ್ವಂತೆ" ಎಂದಳು. ಅಪ್ಪ ಹಗ್ಗ ಹೊಸೆಯುತ್ತಿದ್ದವರು ತಲೆ ಎತ್ತದೆ, "ನಾನೇನ್ ಮಾತಾಡಿ ಅಂತ ಕಾಲಿಗ್ ಬಿದ್ನಾ" ಎಂದರು.

ಹೊರಟಿದ್ದು ಮುಂಜಾನೆ. ಹೆಬ್ಬಾಳದ ಕೆರೆ ಏರಿ ದಾಟುವಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಯಾರು ಎಲ್ಲಿ ಕೂತರು ಎನ್ನುವುದನ್ನು ಹೇಳಲೇಬೇಕು. ಮಾವ ಡ್ರೈವರ್ ಸೀಟಿನಲ್ಲಿ. ಹಿರಿಯಳೆಂದು ಅಜ್ಜಿ ಅವರ ಪಕ್ಕ, ಅಜ್ಜಿಯ ತೊಡೆಯ ಮೇಲೆ ಗಿರಿ. ಅಪ್ಪ ಎಲ್ಲರಿಗಿಂತ ಹಿಂದೆ, ಹಿಂಬಾಗಿಲ ಹಲಗೆಗೆ ಆತು, ಬಂದ ದಾರಿಗೆ ಮುಖ ಮಾಡಿ ಕೂತರು. ಮಾವನ ಬೆನ್ನು ಕೂಡ ಅವರಿಗೆ ಕಾಣಬಾರದು. ನಡುವೆ ಅಮ್ಮ ಮತ್ತು ನಾನು. ಅಂಚೆ ಕಚೇರಿಯಂತೆ ಮಾತು ದಾಟಿಸುವ ನಮ್ಮ ಕೆಲಸ ಊರು ಬಿಡುವ ಮೊದಲೇ ಶುರುವಾಯಿತು.

"ನಿಮ್ಮಣ್ಣಂಗೆ ಯೇಳು, ಚಕ್ರದಾಗೆ ಗಾಳಿ ಕಮ್ಮಿ ಐತೆ, ಕಣ್ ಕಾಣ್ಸಲ್ವಾ ಅಂತ" ಎಂದರು ಅಪ್ಪ.

ಅಮ್ಮ ಮುಂದಕ್ಕೆ ಬಗ್ಗಿ, "ಅಣ್ಣ, ಇಂದಿನ್ ಚಕ್ರ ಒಸಿ ನೋಡ್ಬೇಕಂತೆ" ಎಂದಳು.

"ವ್ಯಾನು ನಂದು, ಚಕ್ರಾನೂ ನಂದು ಅಂತ ಯೇಳು."

ಅಮ್ಮ ಹಿಂದಕ್ಕೆ ತಿರುಗಿ, "ನೋಡ್ತಾರಂತೆ" ಎಂದಳು.

ಹೀಗೆ ಅಪ್ಪನ ಖಾರ, ಮಾವನ ಖಾರ ಎರಡನ್ನೂ ಅಮ್ಮ ತನ್ನೊಳಗೇ ಇಳಿಸಿಕೊಂಡು, ಸಪ್ಪೆ ಮಾಡಿ ದಾಟಿಸುತ್ತಿದ್ದಳು. ಕನಕಪುರ ದಾಟುವ ಹೊತ್ತಿಗೆ ಅವಳ ಮುಖ ಬಾಡಿಹೋಗಿತ್ತು. ಮಧ್ಯೆ ಮಧ್ಯೆ ನನಗೂ ಆ ಕೆಲಸ ಕೊಡುತ್ತಿದ್ದಳು. ನನಗೆ ಅದು ಖುಷಿಯ ಕೆಲಸವಾಗಿತ್ತು, ದೊಡ್ಡವರ ಮಾತನ್ನು ಸಣ್ಣವರು ತಿದ್ದುವ ಅವಕಾಶ ದಿನಾ ಸಿಗುವುದಿಲ್ಲ.

ಮಳವಳ್ಳಿಯ ಹತ್ತಿರ ಒಂದು ಹುಣಸೆ ತೋಪಿನಲ್ಲಿ ಬುತ್ತಿ ಬಿಚ್ಚಿದಾಗ ಮಾತು ಬಿಟ್ಟದ್ದರ ಇನ್ನೊಂದು ಫಲ ಕಂಡಿತು. ಒಬ್ಬರನ್ನೊಬ್ಬರು ಕೇಳದೇ ಇಬ್ಬರೂ ದೇವರಿಗೆಂದು ಒಂದೊಂದು ದೊಡ್ಡ ಬಾಳೆಗೊನೆ ತಂದಿದ್ದರು. ಇಬ್ಬರೂ ಸೀಮೆಎಣ್ಣೆ ಸ್ಟೌ ತಂದಿದ್ದರು. ತೆಂಗಿನಕಾಯಿ ಎರಡು ಚೀಲ, ಬೆಲ್ಲ ಎರಡು ಕಡೆ. ಎಂಜಿನ್ನಿಗೆ ಹಾಕುವ ನೀರಿನ ಡಬ್ಬ ಮಾತ್ರ ಇಲ್ಲ. ಅದನ್ನು ಅಪ್ಪ ತರುತ್ತಾರೆ ಎಂದು ಮಾವ ಅಂದುಕೊಂಡಿದ್ದರು, ವ್ಯಾನಿನದ್ದು ವ್ಯಾನಿನವರೇ ನೋಡಿಕೊಳ್ಳಬೇಕು ಎಂದು ಅಪ್ಪ ಸುಮ್ಮನಿದ್ದರು. ಅಜ್ಜಿ ಎರಡು ಸ್ಟೌಗಳನ್ನೂ ನೋಡಿ, "ಎರಡ್ ಅಡುಗೆ ಮಾಡನ, ಎರಡ್ ದಪ ಉಣ್ಣನ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು.

ಕೊಳ್ಳೇಗಾಲ ಬಿಟ್ಟು ಯಳಂದೂರು ದಾಟಿದ ಮೇಲೆ ಬೆಟ್ಟದ ಸಾಲು ಎದುರಿಗೆ ಬಂತು. ನಮ್ಮ ಕಡೆ ಬೆಟ್ಟವೆಂದರೆ ದೂರದಲ್ಲಿ ಕಾಣುವ ನಂದಿ ಒಂದೇ. ಇದು ಕಣ್ಣಿನ ಈ ತುದಿಯಿಂದ ಆ ತುದಿಯವರೆಗೆ ನೀಲಿಯಾಗಿ ಮಲಗಿತ್ತು. ಬುಡದಲ್ಲಿ ಮಣ್ಣಿನ ದಾರಿ ಏರಲು ಶುರುವಾದ ಸ್ವಲ್ಪ ಹೊತ್ತಿಗೇ ವ್ಯಾನಿನ ಮೂತಿಯಿಂದ ಹಬೆ ಎದ್ದಿತು. ನೀರಿನ ಡಬ್ಬ ಇಲ್ಲ. ಕುಡಿಯಲೆಂದು ಅಜ್ಜಿ ತಂದಿದ್ದ ಹೂಜಿಯ ನೀರನ್ನೆಲ್ಲ ಸುರಿದು, ಎಂಜಿನ್ ತಣ್ಣಗಾಗಲಿ ಎಂದು ಕಾಯಬೇಕಾಯಿತು. ಮಧ್ಯಾಹ್ನಕ್ಕೇ ಮೇಲೆ ತಲುಪಬೇಕಾದವರು ಇಳಿಬಿಸಿಲಿನಲ್ಲಿ ಕಾಡು ಹೊಕ್ಕೆವು.

ಆದರೆ ಆ ಇಳಿಬಿಸಿಲಿನಿಂದಲೇ ನಮಗೆ ಕಾಡು ಕಾಣಿಸಿತು. ಎರಡೂ ಕಡೆ ಲಂಟಾನದ ಪೊದೆ ಬೆಳೆದು ವ್ಯಾನಿನ ಮೈ ಸವರುತ್ತಿತ್ತು. ಚಕ್ರಕ್ಕೆ ಸಿಕ್ಕಿ ಜಜ್ಜಿದ ಎಲೆಯ ಘಾಟು, ಪೆಟ್ರೋಲು, ಬಿಸಿಲಿಗೆ ಮಾಗುತ್ತಿದ್ದ ಎರಡು ಗೊನೆ ಬಾಳೆಹಣ್ಣಿನ ಸಿಹಿ ವಾಸನೆ, ಎಲ್ಲ ಸೇರಿ ತಲೆ ಸುತ್ತುವಂತಿತ್ತು. ಮುಂದಿನಿಂದ ಗಿರಿ "ಜಿಂಕೆ" ಎನ್ನುತ್ತಿದ್ದ. ನಾವು ತಿರುಗುವಷ್ಟರಲ್ಲಿ ಅವು ದಾಟಿಹೋಗಿ ಅಪ್ಪನಿಗೆ ಅವುಗಳ ಬಿಳಿ ಬಾಲ ಮಾತ್ರ ಕಾಣುತ್ತಿತ್ತು. ಒಂದು ಕಡೆ ಕೆಂಪು ಸೀಳುನಾಯಿಗಳ ಗುಂಪು ದಾರಿಯ ಮೇಲೆಯೇ ಕೂತಿತ್ತು. ಹಾರ್ನ್ ಮಾಡಿದಾಗ ಬೇಸರದಿಂದ ಎದ್ದು, ನಮ್ಮೂರ ನಾಯಿಗಳಂತೆ ಬೊಗಳದೆ, ಸುಮ್ಮನೆ ಪಕ್ಕಕ್ಕೆ ಹೋದವು. ಬಿದಿರು ಮೆಳೆಯ ಹಿಂದೆ ಕಾಡೆಮ್ಮೆಯೊಂದು ನಿಂತು ನಮ್ಮನ್ನು ನೋಡಿತು. ಕಾಲಿಗೆ ಬಿಳಿ ಕಾಲುಚೀಲ ಹಾಕಿಕೊಂಡಂತೆ ಇತ್ತು. ಅದನ್ನು ಮಾವನೂ ನೋಡಿದರು, ಅಪ್ಪನೂ ನೋಡಿದರು. ಇಬ್ಬರಿಗೂ ಏನಾದರೂ ಹೇಳಬೇಕೆನ್ನಿಸಿರಬೇಕು, ಇಬ್ಬರೂ ನನಗೇ ಹೇಳಿದರು.

ದಾರಿ ಕಡಿದಾಗಿ ತಿರುಗಿದ ಒಂದು ಕಡೆ ಮಾವ ಥಟ್ಟನೆ ಬ್ರೇಕ್ ಹಾಕಿದರು. ಅಜ್ಜಿ "ರಂಗಾ" ಎಂದಳು, ಮೆಲ್ಲಗೆ. ನಾನು ಅವಳ ಹೆಗಲ ಮೇಲಿನಿಂದ ಇಣುಕಿದೆ. ದಾರಿಯ ನಡುವೆ ಆನೆ ನಿಂತಿತ್ತು. ದೇವಸ್ಥಾನದ ಆನೆಯನ್ನು ನೋಡಿದ್ದೆ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮೈಗೆಲ್ಲ ಕೆಂಪು ಮಣ್ಣು ಬಳಿದುಕೊಂಡು, ದಾರಿಯೇ ತನ್ನದು ಎನ್ನುವಂತೆ ಕಿವಿ ಬೀಸುತ್ತಿತ್ತು. ಪಕ್ಕದ ಪೊದೆಯೊಳಗೆ ಇನ್ನೂ ಕೆಲವು ಇದ್ದವು, ಬಿದಿರು ಮುರಿಯುವ ಸದ್ದು ಬರುತ್ತಿತ್ತು. ಮಾವ ಎಂಜಿನ್ ಆರಿಸಲಿಲ್ಲ. ಗೇರು ಬದಲಿಸಿದರು. ವ್ಯಾನು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

ಆಗ ಅಪ್ಪ ನನ್ನ ಲಂಗ ಹಿಡಿದೆಳೆದರು. ನಾನು ಹಿಂದೆ ತಿರುಗಿದೆ. ನಾವು ಈಗತಾನೆ ದಾಟಿ ಬಂದ ತಿರುವಿನಲ್ಲಿ, ವ್ಯಾನಿನಿಂದ ಒಂದು ಎತ್ತಿನ ಗಾಡಿಯಷ್ಟು ದೂರದಲ್ಲಿ, ಒಂದು ಮರಿಯಾನೆ ಪೊದೆಯಿಂದ ಇಳಿದು ದಾರಿಯ ಮೇಲೆ ಬಂದಿತ್ತು. ಅದರ ಬೆನ್ನಿಗೇ ತಾಯಿ. ಮುಂದಿನದು ಅಪ್ಪನಿಗೆ ಕಾಣದು, ಹಿಂದಿನದು ಮಾವನಿಗೆ ಕಾಣದು.

"ನಿಮ್ಮಾವನ್ಗೆ ಯೇಳು, ಇಂದಕ್ಕೆ ಬಿಡ್ಬ್ಯಾಡ ಅಂತ" ಎಂದರು ಅಪ್ಪ ಪಿಸುದನಿಯಲ್ಲಿ.

ಬೆಳಗಿನಿಂದ ಅಷ್ಟೊಂದು ಮಾತು ಸಾಗಿಸಿದ ನನ್ನಿಂದ ಆ ಒಂದು ಮಾತು ಮಾತ್ರ ಸಾಗಲಿಲ್ಲ. ಅಪ್ಪ ಅಮ್ಮನ ಕಡೆ ನೋಡಿದರು. "ಯೇಳೇ, ನಿಮ್ಮಣ್ಣಂಗೆ ಯೇಳೇ."

ಅಮ್ಮ ಹಿಂದಿನ ಮರಿಯನ್ನು ನೋಡಿದಳು. ಅಣ್ಣನ ಬೆನ್ನನ್ನು ನೋಡಿದಳು. ಆಮೇಲೆ ಅಪ್ಪನ ಮುಖ ನೋಡಿ ಹೇಳಿದಳು, "ನಾನ್ ಯೇಳಲ್ಲ. ನೀವೇ ಯೇಳಿ."

ಅಮ್ಮ ಅಪ್ಪನಿಗೆ ಎದುರಾಡಿದ್ದನ್ನು ನಾನು ಕಂಡಿರಲಿಲ್ಲ. ವ್ಯಾನು ಜಾರುತ್ತಲೇ ಇತ್ತು.

"ಭಾವ" ಎಂದರು ಅಪ್ಪ. "ಇಂದಕ್ಕೆ ಬರ್ಬ್ಯಾಡಿ. ಮರಿ ಐತೆ."

ವ್ಯಾನು ನಿಂತಿತು. ಮಾವ ತಿರುಗಿ ನೋಡಲಿಲ್ಲ, ಅವರ ಕಣ್ಣು ಮುಂದಿನ ಆನೆಯ ಮೇಲೆಯೇ ಇತ್ತು. ನಮ್ಮಲ್ಲಿ ಹೆಂಡತಿಯ ಅಣ್ಣನೂ ಭಾವ, ತಂಗಿಯ ಗಂಡನೂ ಭಾವ. ಮಾವ ಕೂಡ ಅದೇ ಸಣ್ಣ ದನಿಯಲ್ಲಿ ಕೇಳಿದರು. "ಮುಂದೆ ದೊಡ್ಡದು ನಿಂತೈತೆ ಭಾವ. ಇಂದೆ ತಾಯಿ ಐತಾ?"

"ಐತೆ. ಎಂಜಿನ್ ಆರ್ಸಿ. ಕಾಲ್ ತೆಗೀಬ್ಯಾಡಿ."

"ಕೈಬ್ರೇಕು ಇಡಿಯಲ್ಲ ಇದ್ರದ್ದು. ಕಾಲಲ್ಲೇ ಇಡ್ಕಂಡಿವ್ನಿ."

"ಇಡ್ಕಂಡಿರಿ. ನಾನ್ ಯೇಳ್ತೀನಿ."

ಎಂಜಿನ್ ನಿಂತ ಮೇಲೆ ಕಾಡಿನ ಸದ್ದೆಲ್ಲ ಒಳಗೆ ಬಂತು. ಒಬ್ಬರು ಮುಂದಿನದನ್ನು ಹೇಳುತ್ತಿದ್ದರು, ಇನ್ನೊಬ್ಬರು ಹಿಂದಿನದನ್ನು. ಕಿವಿ ಬೀಸ್ತೈತೆ. ಮರಿ ಮಣ್ ಎರಚ್ಕಂತೈತೆ. ಸೊಂಡ್ಲು ಎತ್ತಿ ವಾಸ್ನೆ ನೋಡ್ತೈತೆ. ಇಷ್ಟೇ ಮಾತು, ಉಸಿರಿನಷ್ಟು ಸಣ್ಣಗೆ, ನಮ್ಮ ತಲೆಯ ಮೇಲಿನಿಂದ ಆ ಕಡೆ ಈ ಕಡೆ ಹೋಗುತ್ತಿತ್ತು. ಅಮ್ಮ ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಹೆದರಿ ಅಳುತ್ತಿದ್ದಾಳೆ ಎಂದುಕೊಂಡೆ. ಅವಳು ನಗುತ್ತಿದ್ದಳು.

ತಾಯಿಯಾನೆಗೆ ನಮ್ಮ ಮೇಲೆ ಕೋಪವಿರಲಿಲ್ಲ, ಬಾಳೆಹಣ್ಣಿನ ಮೇಲೆ ಆಸೆಯಿತ್ತು. ಅದು ಹತ್ತಿರ ಬಂದು ಸೊಂಡಿಲು ಚಾಚಿ ಹಿಂಬಾಗಿಲ ಹಲಗೆಯನ್ನು ಮುಟ್ಟಿತು. ಅಪ್ಪ ತಾವು ತಂದ ಗೊನೆಯನ್ನು ಕಾಲಿನಿಂದ ಮೆಲ್ಲಗೆ ಒತ್ತುತ್ತಾ ಹಲಗೆಯಾಚೆ ಕೆಡವಿದರು. ಅದು ತಿನ್ನುತ್ತಾ ನಿಂತಿತು. ಮರಿ ತಾಯಿಯ ಕಾಲ ಸಂದಿಯಿಂದ ನಮ್ಮನ್ನು ನೋಡುತ್ತಿತ್ತು. ಮುಗಿಸಿ ಮತ್ತೆ ಸೊಂಡಿಲು ಚಾಚಿತು.

"ಇನ್ನೊಂದ್ ಕೇಳ್ತೈತೆ ಭಾವ" ಎಂದರು ಅಪ್ಪ.

"ನಂದೂ ಕೊಡಿ, ಅದ್ನೇನ್ ಕೇಳ್ತೀರಾ" ಎಂದರು ಮಾವ.

ಎರಡನೆಯ ಗೊನೆಯನ್ನು ಸೊಂಡಿಲಲ್ಲಿ ಎತ್ತಿಕೊಂಡೇ ಅದು ಪೊದೆಗೆ ಹತ್ತಿತು. ಮರಿ ಹಿಂದೆ ಓಡಿತು. ಅವೆಲ್ಲ ಒಂದಾದ ಮೇಲೆ ಮುಂದೆ ನಿಂತಿದ್ದ ದೊಡ್ಡದೂ ದಾರಿ ಬಿಟ್ಟು ಇಳಿಯಿತು. ಬಿದಿರಿನ ಸದ್ದು ದೂರವಾಗುವವರೆಗೆ ಯಾರೂ ಅಲುಗಲಿಲ್ಲ. ಅಷ್ಟೂ ಹೊತ್ತು ಮಾವ ವ್ಯಾನನ್ನು ಒಂದೇ ಕಾಲಲ್ಲಿ ಹಿಡಿದು ನಿಲ್ಲಿಸಿದ್ದರು ಎಂದು ಅಜ್ಜಿ ಆಮೇಲೆ ಊರಿಗೆಲ್ಲ ಹೇಳಿದಳು. ದೇವರಿಗೆ ತಂದ ಹಣ್ಣು ಹೋಯಿತೆಂದು ಅವಳಿಗೆ ಬೇಸರವಿರಲಿಲ್ಲ. "ರಂಗ ದಾರೀಲೇ ಬಂದು ಈಸ್ಕಂಡ, ಮೇಲಿನ್ಗಂಟ ಒರೋದು ತಪ್ತು" ಎಂದಳು.

ಮರುದಿನ ಬೆಳಿಗ್ಗೆ ಬೆಟ್ಟದ ಮೇಲೆ, ಮಂಜು ಇನ್ನೂ ಹರಿದಿರದಾಗ, ಗಿರಿಯನ್ನು ಮಾವನ ತೊಡೆಯ ಮೇಲೆ ಕೂರಿಸಿದರು. ಮಾವ ಮೊದಲ ಎಳೆ ಕತ್ತರಿಸಿ ಅಮ್ಮನ ಸೆರಗಿಗೆ ಹಾಕಿದರು. ಉಳಿದದ್ದನ್ನು ಕ್ಷೌರದವನು ತೆಗೆಯುವಾಗ ಗಿರಿ ಸುಮ್ಮನಿದ್ದ. ಎಲ್ಲ ಮುಗಿದ ಮೇಲೆ ತಲೆ ಮುಟ್ಟಿ ನೋಡಿಕೊಂಡು, ವಾಪಸು ಅಂಟಿಸಿ ಎಂದು ಗೋಳೋ ಎಂದು ಅತ್ತ. ದೇವಸ್ಥಾನದಲ್ಲಿ ರಂಗನ ದೊಡ್ಡ ಚರ್ಮದ ಪಾದುಕೆಯನ್ನು ಎಲ್ಲರ ತಲೆಗೂ ಮುಟ್ಟಿಸಿದರು. ಅಪ್ಪ, ಮಾವ ಪಕ್ಕಪಕ್ಕ ನಿಂತು ತಲೆ ಬಗ್ಗಿಸಿ ಹೊಡೆಸಿಕೊಂಡರು. ಇದನ್ನು ಮೂರು ವರ್ಷ ಮೊದಲೇ ಮಾಡಿಸಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹೊರಗೆ ಜೇನು ಮಾರುತ್ತಿದ್ದ, ಆ ಕಾಡಿನವರೇ ಆದ ಸೋಲಿಗರ ಮುದುಕಿಯೊಬ್ಬಳು ಅಜ್ಜಿಯೊಡನೆ ಮಾತಿಗೆ ಕೂತಳು. ಒಳಗಿರುವ ದೇವರನ್ನು ಅವಳು ಬಾಯಿ ತುಂಬ ರಂಗಭಾವ ಎನ್ನುತ್ತಿದ್ದಳು. ದೇವರನ್ನು ಹಾಗೆನ್ನುವುದೇ ಎಂದು ಅಜ್ಜಿ ಕಣ್ಣು ಅರಳಿಸಿದರೆ, "ನಮ್ಮ ಹೆಣ್ಣು ತಕ್ಕಂಡವ್ನೆ. ಭಾವ ಅನ್ನದೆ ಇನ್ನೇನ್ ಅಂದೇವು?" ಎಂದಳು.

"ಭಾವ ಅಂದ್ಮೇಲೆ ಜಗಳ ಇರಾಕಿಲ್ವಾ?" ಎಂದಳು ಅಜ್ಜಿ, ಅಪ್ಪನ ಕಡೆ ಓರೆಗಣ್ಣು ಹಾಯಿಸುತ್ತಾ.

"ಇಲ್ದೆ ಏನು. ವರ್ಸಕ್ಕೊಂದ್ ದಪ ಬಂದು ಎದುರ್ಗೇ ಬೈದು ಓಯ್ತೀವಿ."

ಅಪ್ಪ ಕೆಮ್ಮಿ ಜೇನಿನ ಬೆಲೆ ಕೇಳಿದರು.

ವಾಪಸು ಹೊರಟಾಗ ಅಪ್ಪ ಹೇಳದೇ ಕೇಳದೇ ಮುಂದಿನ ಸೀಟಿನಲ್ಲಿ ಹೋಗಿ ಕೂತರು. ಬರುವಾಗ ಕಂಡಂತೆ ಮತ್ತೆ ಏನಾದರೂ ಎದುರಾದರೆ ನೋಡಲು ಇನ್ನೊಂದು ಜೊತೆ ಕಣ್ಣು ಬೇಕು ಎಂಬ ಕಾರಣ ಕೊಟ್ಟರು. ಅಜ್ಜಿ ತನ್ನ ಜಾಗ ಹೋಯಿತೆಂದು ಗೊಣಗುತ್ತಾ ಹಿಂದೆ ಬಂದು ಅಮ್ಮನ ಪಕ್ಕ ಕೂತಳು. ಬೋಳುತಲೆಯ ಗಿರಿ ನನ್ನ ತೊಡೆಗೆ ಬಂದ. ಕಾಡು ಇಳಿಯುವವರೆಗೆ ಅಪ್ಪ, ಮಾವ ಇಬ್ಬರೂ ಆನೆಯ ವಿಷಯವನ್ನೇ ಮಾತಾಡಿದರು. ಬಯಲಿಗೆ ಬಂದ ಮೇಲೆ ಬೆಲ್ಲದ ರೇಟು, ದ್ರಾಕ್ಷಿಗೆ ಬರುವ ರೋಗ. ಕೊಳ್ಳೇಗಾಲ ದಾಟಿದ ಮೇಲೆ ಅಪ್ಪ ಶುರು ಮಾಡಿದರು.

"ಅಲ್ಲಾ ಭಾವ, ಮನೆ ಅಳಿಯನ್ನ ಎರಡ್ನೇ ಪಂಕ್ತಿಗೆ ಕೂರ್ಸ್ತಾರಾ?"

"ಕರ್ಯಾಕೆ ಕಳ್ಸಿದ್ದೆ ಕಣ್ರೀ. ನೀವು ಕೆರೆ ಏರಿ ಮ್ಯಾಲೆ ಬೀಡಿ ಸೇದ್ತಾ ನಿಂತಿದ್ರಂತೆ."

"ಯಾರ್ ಅಂದೋರು? ನನ್ ಕರ್ದೋನು ಯಾರು, ಅವ್ನ ಎಸ್ರು ಯೇಳಿ."

"ಓಗ್ಲಿ, ಉಣ್ದೆ ಎದ್ ಬಂದ್ರಲ್ಲ, ಅದು ಸರೀನಾ? ನಾನ್ ಊರೋರ್ ಮುಂದೆ ಎಂಗ್ ತಲೆ ಎತ್ಲಿ?"

"ಇಂದೆ ಬಂದು ಒಂದ್ ಮಾತು ಕೂಗಿದ್ರೆ ನಿಂತ್ಕತಿರ್ಲಿಲ್ವಾ ನಾನು?"

ದನಿ ಏರಿತು. ಮಾವ ಒಂದು ಕೈ ಸ್ಟೀರಿಂಗಿನಿಂದ ತೆಗೆದು ಬೀಸತೊಡಗಿದರು. ಅಪ್ಪ ಸೀಟಿನಲ್ಲಿ ಪೂರ್ತಿ ಅವರ ಕಡೆ ತಿರುಗಿ ಕೂತರು. ನನಗೆ ಗಾಬರಿಯಾಯಿತು, ಇಷ್ಟು ಕಷ್ಟಪಟ್ಟು ಬಂದ ಮಾತು ಮತ್ತೆ ಮುರಿದುಬೀಳುತ್ತದೆ ಎಂದು. ಅಜ್ಜಿಗೂ ಹಾಗೇ ಅನ್ನಿಸಿತೇನೋ, ಅಮ್ಮನ ಮೊಣಕೈ ತಿವಿದಳು. "ಬಿಡ್ಸೇ, ಒಡ್ದಾಡ್ಕಂಡಾರು. ಏನಾರ ಯೇಳು."

ಅಮ್ಮ ಟಾರ್ಪಾಲಿನ ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಕಣ್ಣು ತೆರೆಯದೇ, "ಆಡ್ಲಿ ಬಿಡಿ ಅತ್ತೆ. ನಂಗೇನೂ ಕೆಲ್ಸ ಇಲ್ಲ ಈಗ" ಎಂದಳು.

ಅಪ್ಪ, ಮಾವ ಕನಕಪುರದವರೆಗೂ ಬೈದಾಡಿದರು. ಆ ಗದ್ದಲದಲ್ಲಿ, ಆ ಕುಲುಕಾಟದಲ್ಲಿ, ಅಮ್ಮ ಬಾಯಿ ಅರೆ ತೆರೆದು ನಿದ್ದೆ ಹೋದಳು. ಹಗಲು ಹೊತ್ತು ಅವಳು ಮಲಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.